ಒಂದೂಮುಕ್ಕಾಲು ಇಂಚಿನ ಹಟ

ನಮ್ಮೂರ ಕಾರ್ ರೇಸಿನ ದಾರಿ ಮುಗಿಯುವ ಕಡೆ ಒಂದು ಮರದ ಗೂಡಿದೆ. ಹದಿನಾರು ವರ್ಷ ಅದರಲ್ಲಿ ಕೂತು, ಓಡಿ ಬಂದ ಪ್ರತಿಯೊಬ್ಬರ ಕೈಗೂ ಸಮಯದ ಚೀಟಿ ಕೊಟ್ಟವಳು ನಾನು. ಒಹಾಯೋದ ಈ ಕಡೆಯ ಗಂಡಸರ ಬಾಯಿ ಎಷ್ಟು ದೊಡ್ಡದು, ಕಾರು ಎಷ್ಟು ನಿಧಾನ ಎಂಬುದು ನನಗೆ ಗೊತ್ತಿರುವಷ್ಟು ಅವರ ಪಾದ್ರಿಗೂ ಗೊತ್ತಿಲ್ಲ. ಅವರಲ್ಲೆಲ್ಲ ದೊಡ್ಡ ಬಾಯಿ ಡೆಲ್ಬರ್ಟ್ ಕ್ಲಿಂಗರನದು. ಆದರೆ ನಾನು ಹೇಳಹೊರಟಿರುವುದು ಅವನ ಹೆಂಡತಿ ವರ್ನಾಳ ವಿಷಯ.

ವರ್ನಾ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಐದಡಿ ಎತ್ತರ, ಸೀಟಿನ ಮೇಲೆ ದಿಂಬು ಹಾಕಿಕೊಂಡೇ ಕೂರಬೇಕು. ಆ ಬಸ್ಸಿನ ಸಂಬಳದಲ್ಲಿ ಅವಳು ಕೊಂಡದ್ದು ಎಪ್ಪತ್ತನೇ ಇಸವಿಯ ಹಸಿರು ಷೆವೆಲ್ ಕಾರು, ಬಾನೆಟ್ಟಿನಡಿ ಬಿಗ್ ಬ್ಲಾಕ್ ಎಂಬ ದೈತ್ಯ ಎಂಜಿನ್. ಕೊಂಡವಳು ಅವಳು, ಭಾನುವಾರ ರೇಸಿಗೆ ಓಡಿಸುತ್ತಿದ್ದವನು ಡೆಲ್ಬರ್ಟ್. ಎಂಟು ವರ್ಷದಲ್ಲಿ ಅವನು ಎರಡನೇ ಸುತ್ತು ದಾಟಿದ್ದನ್ನು ನಾನಂತೂ ಕಾಣೆ.

ನಮ್ಮಲ್ಲಿ ಪದ್ಧತಿ ಹೀಗೆ. ಒಂದು ಸಲಕ್ಕೆ ಎರಡೇ ಕಾರು, ಸೋತದ್ದು ಮನೆಗೆ. ಕಾಲು ಮೈಲಿ ಓಡಲು ತಮ್ಮ ಕಾರಿಗೆ ಎಷ್ಟು ಸೆಕೆಂಡು ಬೇಕೆಂದು ಪ್ರತಿಯೊಬ್ಬರೂ ಮೊದಲೇ ಗಾಜಿನ ಮೇಲೆ ಬಿಳಿ ಬೂಟ್‌ಪಾಲಿಶ್‌ನಲ್ಲಿ ಬರೆಯಬೇಕು. ಹೆಚ್ಚು ಬರೆದವರಿಗೆ ಅಷ್ಟು ಮುಂಚೆ ಹಸಿರು ದೀಪ. ಮೊದಲು ಗೆರೆ ಮುಟ್ಟಿದವರು ಗೆದ್ದರು, ಆದರೆ ತಾವೇ ಬರೆದದ್ದಕ್ಕಿಂತ ಬೇಗ ಓಡಿದರೆ ಸೋತರು. ನಿಜ ಬರೆಯಬೇಕು, ಅಷ್ಟೇ. ಡೆಲ್ಬರ್ಟನ ಕೈಯಲ್ಲಿ ಕಾರು ಓಡುತ್ತಿದ್ದದ್ದು 13.30ರಲ್ಲಿ, ನೋಡುವವರು ನೋಡಲಿ ಎಂದು ಅವನು ಬರೆಯುತ್ತಿದ್ದದ್ದು 12.80.

1983ರ ಚಳಿಗಾಲದಲ್ಲಿ ಎರಕದ ಕಾರ್ಖಾನೆಯಲ್ಲಿ ಅವನ ಬೆನ್ನು ಹಿಡಿದುಕೊಂಡಿತು. ಒಂದು ವರ್ಷ ರೇಸು ಬೇಡ ಎಂದರು ಡಾಕ್ಟರು.

"ಹಾಗಾದ್ರೆ ನಾನು ಓಡಿಸ್ತೀನಿ," ಎಂದಳು ವರ್ನಾ. ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ನಾನೂ ಇದ್ದೆ.

"ಓಡ್ಸು. ಒಂದೇ ಒಂದು ವರ್ಷ," ಎಂದ ಡೆಲ್ಬರ್ಟ್. "ಸೆಪ್ಟೆಂಬರ್ ಕೊನೇ ಭಾನುವಾರದೊಳಗೆ ಒಂದಾದ್ರೂ ಕಪ್ ಗೆದ್ದು ತರ್ಲಿಲ್ಲ ಅಂದ್ರೆ ಸೀಟು ನಂದು. ಆಮೇಲೆ ಅದ್ರ ಮಾತೇ ಎತ್ತಬಾರ್ದು."

"ತಂದ್ರೆ?"

"ತಂದ್ರೆ ನಿಂದೇ ಕಣೇ, ಸಾಯೋವರ್ಗೂ!" ಎಂದು ಮೇಜು ಬಡಿದು ನಕ್ಕ. ಬೆನ್ನು ಚುಳ್ ಎಂದು ನಗು ಅಲ್ಲಿಗೇ ನಿಂತಿತು.

ವರ್ನಾ ಕಾರಿನಲ್ಲಿ ತುಂಬಿದ್ದ ಎಂಟು ವರ್ಷದ ಚೀಟಿಗಳನ್ನು ತಂದು ಮೇಜಿನ ಮೇಲೆ ಹರಡಿದಳು. ಚೀಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ಮೊದಲ ಅರವತ್ತು ಅಡಿ ದಾಟಲು ಹಿಡಿದ ಸಮಯ. ಗಂಡಸರು ಅದನ್ನು ಓದುವುದೇ ಇಲ್ಲ. ಕೊನೆಯ ಸಾಲಿನ ವೇಗ ನೋಡಿ ಜೇಬಿಗೆ ತುರುಕುತ್ತಾರೆ. ಅವಳು ಒಂದೊಂದಕ್ಕೂ ಬೆರಳಿಟ್ಟು ಓದಿದಳು. ಮೂರು ವರ್ಷದ ಹಿಂದಿನ ಮೇ ತಿಂಗಳಿಂದ ಆ ಸಾಲು ಕೆಟ್ಟಿತ್ತು. ಡೆಲ್ಬರ್ಟ್ ಹೊಸ ಹೆಡರ್ ಹಾಕಿಸಿದ್ದು ಅದೇ ತಿಂಗಳು.

ಹೆಡರ್ ಎಂದರೆ ಎಂಜಿನ್ನಿನ ಹೊಗೆಯನ್ನು ಹೊರಗೆ ಸಾಗಿಸುವ ಕೊಳವೆಗಳು, ಪಕ್ಕಕ್ಕೆ ನಾಲ್ಕರಂತೆ ಎಂಟು. ದೊಡ್ಡ ಎಂಜಿನ್ನಿಗೆ ದೊಡ್ಡ ಕೊಳವೆಯೇ ಬೇಕೆಂದು ಅವನು ಎರಡೂಕಾಲು ಇಂಚಿನವನ್ನು ಹಾಕಿಸಿದ್ದ. ಇಲ್ಲಿ ಅರ್ಧ ಊರು ಮಾಡುವ ತಪ್ಪು ಅದೇ.

"ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಯಾಕೆ ಇಡ್ತೀಯ?" ಎಂದು ಗಂಡನನ್ನು ಕೇಳಿದಳು ವರ್ನಾ.

"ದೂರ ಚಿಮ್ಲಿ ಅಂತ."

"ಹೊಗೇನೂ ಅಷ್ಟೇ. ಕೊಳವೆ ಅತಿ ಅಗಲ ಆದ್ರೆ ಸೋಮಾರಿ ಆಗುತ್ತೆ. ಜೋರಾಗಿ ಹೋದ್ರೆ ಹಿಂದಿನ ಹೊಗೇನೂ ಎಳ್ಕೊಂಡು ಹೋಗುತ್ತೆ. ನಮ್ಮದು ರೇಸಿಗೇ ಅಂತ ಕಟ್ಟಿದ ಎಂಜಿನ್ ಅಲ್ಲ, ಕಾರು ಬೇರೆ ಭಾರ. ನಿಂತ ಜಾಗದಿಂದ ಏಳೋದೇ ಕಷ್ಟ. ಒಂದೂಮುಕ್ಕಾಲು ಇಂಚು ಸಾಕು."

"ಒಂದೂಮುಕ್ಕಾಲಾ? ಅದನ್ನ ನಿನ್ನ ಹೊಲಿಗೆ ಮಿಷಿನ್ನಿಗೆ ಹಾಕ್ಕೋ!"

ವರ್ನಾ ಏಪ್ರಿಲ್‌ನಲ್ಲಿ ಎರಡು ವಾರಾಂತ್ಯ ಕಾರಿನಡಿ ಮಲಗಿ ಹಳೆಯವನ್ನು ಬಿಚ್ಚಿದಳು, ಸಣ್ಣವನ್ನು ಕೂರಿಸಿದಳು. ಬೆರಳ ಗೆಣ್ಣುಗಳೆಲ್ಲ ತರಚಿಹೋದವು. ಒಂದು ಬೋಲ್ಟಿಗೆ ಸ್ಪ್ಯಾನರ್ ತೂರದೆ ಅತ್ತೇಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಸ್ಪ್ಯಾನರನ್ನೇ ಗರಗಸದಲ್ಲಿ ಮೋಟು ಮಾಡಿ, ಮತ್ತೆ ಒಳಗೆ ನುಸುಳಿದಳು. ಇಂಥ ಹಟದ ಇನ್ನೊಬ್ಬಳನ್ನು ನಾನು ನೋಡಿಲ್ಲ.

ಮೊದಲ ಭಾನುವಾರ ಒಬ್ಬ ಕಾಗದದ ಸ್ಟ್ರಾ ತಂದು, "ವರ್ನಾ, ಒಂದು ಕೊಳವೆ ತೂತಾದ್ರೆ ಬೇಕಾಗುತ್ತೆ, ಇಟ್ಕೋ," ಎಂದ. ಅವಳು ಅದರಲ್ಲೇ ನಿಂಬೆ ಶರಬತ್ತು ಹೀರಿ ಮುಗಿಸಿ, ಹೋಗಿ 13.05 ಓಡಿದಳು. ಮುಂದಿನ ಸುತ್ತೂ 13.05. ಬೇಸಿಗೆಯೆಲ್ಲ ಅದೇ. ಪಾಲಿಶ್ ಶೀಶೆ ಅವಳ ಜೇಬಿನಲ್ಲೇ ಇರುತ್ತಿತ್ತು, ಡೆಲ್ಬರ್ಟ್ ಮುಟ್ಟುವಂತಿರಲಿಲ್ಲ. ಎರಡು ಸಲ ಫೈನಲ್ ತಲುಪಿ ಕೂದಲೆಳೆಯಲ್ಲಿ ಸೋತಳು. ಮನೆಗೆ ಹೋಗುವಾಗ ಮಾತ್ರ ಅವನೇ ಓಡಿಸುತ್ತಿದ್ದ. ಹೆಂಡತಿ ಓಡಿಸುವ ಕಾರಿನಲ್ಲಿ ಪಕ್ಕದಲ್ಲಿ ಕೂತು ಊರೊಳಗೆ ಹೋದರೆ ಮರ್ಯಾದೆ ಹೋಗುತ್ತಂತೆ.

ಸೆಪ್ಟೆಂಬರಿನ ಕೊನೆಯ ಭಾನುವಾರ ಬಂತು. ವರ್ನಾ ಮತ್ತೆ ಫೈನಲ್ಲಿಗೆ ಬಂದಿದ್ದಳು. ಎದುರಾಳಿ ಹಳದಿ ಕಾರಿನ ಗೇರಿ ಹಫ್. ಹೊತ್ತು ಇಳಿಯುತ್ತಿತ್ತು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಕಾರು ಸಾಲಿನಲ್ಲಿ ನಿಂತಿದ್ದಾಗ ಡೆಲ್ಬರ್ಟ್ ಬಂದು ಕಿಟಕಿಗೆ ಕೈ ಚಾಚಿದ.

"ಪಾಲಿಶ್ ಕೊಡು. 13.05 ಅಳ್ಸಿ 12.98 ಬರೀತೀನಿ."

"ಶುರುವಾಯ್ತಾ ನಿನ್ನ ಹನ್ನೆರಡರ ಹುಚ್ಚು? ಈ ಕಾರು ಒಂದು ದಿನಾನಾದ್ರೂ ಹನ್ನೆರಡು ಓಡಿದೆಯೇನೋ? ನಾನು ಸೋಲ್ಲಿ ಅಂತ ತಾನೇ?"

"ನೀನು ಸೋಲ್ಬೇಕು ಅಂದಿದ್ರೆ ಬಾಯಿ ಮುಚ್ಕೊಂಡು ಇರ್ತಿದ್ದೆ ಕಣೇ, ಸೀಟು ತಾನಾಗೇ ಬರ್ತಿತ್ತು," ಎಂದ. "ಒಂದು ಗಂಟೆಯಿಂದ ಬೇಲಿ ಹತ್ರ ನಿಂತಿದೀನಿ. ಗಾಳಿ ತಣ್ಣಗಾಗಿದೆ. ತಣ್ಣನೆ ಗಾಳಿ ಒಳಗೆ ಹೋದ್ರೆ ಎಂಜಿನ್ ಚುರುಕಾಗುತ್ತೆ. ಈ ನಂಬರ್ ಇಟ್ಕೊಂಡು ಹೋದ್ರೆ ನೀನೇ ಅದನ್ನ ಮುರಿದು ಸೋಲ್ತೀಯ."

ವರ್ನಾ ಅವನ ಮುಖವನ್ನೇ ನೋಡಿದಳು. ಬಡಾಯಿ ಕೊಚ್ಚುವಾಗ ಮೇಲೇರುವ ಹುಬ್ಬು ಇಳಿದೇ ಇತ್ತು. ಶೀಶೆ ಕೊಟ್ಟಳು.

ಎರಡು ಕಾರೂ ನನ್ನ ಗೂಡಿನ ಮುಂದೆ ಗುಡುಗಿಕೊಂಡು ಹೋದವು. ಹಸಿರು ಕಾರು ಒಂದು ಮೊಳ ಮುಂದಿತ್ತು. ಹೊರಬಂದ ಚೀಟಿಯನ್ನು ಕಿತ್ತು ಓದಿದೆ. 12.99. ಆ ಕಾರು ಹದಿಮೂರರ ಕೆಳಗೆ ಇಳಿದದ್ದು ಅಂದೇ ಮೊದಲು, ಅದೂ ಹೊಲಿಗೆ ಮಿಷಿನ್ನಿನ ಕೊಳವೆಗಳಲ್ಲಿ. ಗಾಜಿನ ಮೇಲೆ 13.05 ಹಾಗೇ ಇದ್ದಿದ್ದರೆ ಸೋತಿರುತ್ತಿದ್ದಳು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಿದ್ದು, ಚೀಟಿಗಾಗಿ ಬಂದ ಅವಳನ್ನು ತಬ್ಬಿಕೊಂಡೆ.

ಬೆನ್ನು ಹಿಡಿದುಕೊಂಡು ಡೆಲ್ಬರ್ಟ್ ಕಾಲು ಮೈಲಿಯನ್ನೂ ನಡೆದೇ ಬಂದ. ಚೀಟಿ ಕೊಟ್ಟೆ. ಅವನು ಮೇಲಿನ ಸಾಲಿಗೆ, ಆ ಮೊದಲ ಅರವತ್ತು ಅಡಿಗೆ, ಬೆರಳಿಟ್ಟು ಓದಿದ. ತುಂಬ ಹೊತ್ತು ಓದಿದ.

ಮನೆಗೆ ಹೊರಡುವ ಹೊತ್ತು. ಎಂದಿನಂತೆ ಅವನಿಗೆ ಸೀಟು ಬಿಡಲು ವರ್ನಾ ಕೆಳಗಿಳಿದು ದಿಂಬಿಗೆ ಕೈ ಹಾಕಿದಳು.

"ಅದನ್ಯಾಕೆ ತೆಗೀತೀಯ?" ಎಂದ ಡೆಲ್ಬರ್ಟ್. ಕಾರು ಸುತ್ತಿ ಬಂದು, ಆಚೆ ಕಡೆಯ ಬಾಗಿಲು ತೆಗೆದು, ಅವಳು ಗೆದ್ದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ಊರೊಳಗಿಂದಾನೇ ಹೋಗು."