ಹುಟ್ಟಿಗೆ ಕಟ್ಟಿದ ಕೈ

ಹೆಮ್ಮಿಗೆ ಕಡೆಯ ಹೊಳೆದಂಡೆ. ಈಗಷ್ಟೇ ಬೆಳಕು ಹರಿಯುತ್ತಿದೆ. ತೆಪ್ಪದಲ್ಲಿ ಕೂತ ದೇವಯ್ಯನವರ ಬಲಗೈಯನ್ನು ಹೆಂಡತಿ ಪಾಪಮ್ಮ ಹಳೇ ಸೀರೆಯ ಚೂರಿನಿಂದ ಹುಟ್ಟಿಗೆ ಸುತ್ತಿ ಕಟ್ಟುತ್ತಿದ್ದಾರೆ. ಬೆರಳಿನ ಗೆಣ್ಣುಗಳು ಊದಿವೆ, ಮಡಚುವುದಿಲ್ಲ.

"ಏನ್ ದೇವಣ್ಣ, ದಿನಾ ಬೆಳಗ್ಗೆ ಹುಟ್ಟಿನ ಜೊತೆ ಮದ್ವೆಯಾ?" ಆಚೆ ದಡಕ್ಕೆ ಕೊಯ್ಲಿನ ಕೂಲಿಗೆ ಹೊರಟ ಮಂಗಳಗೌರಿ ಛೇಡಿಸುತ್ತಾರೆ.

"ಊ ಕಣವ್ವ. ಇವಳೇ ಮುಂದ್ ನಿಂತು ಮಾಡುಸ್ತಾಳೆ. ವಸೀನೂ ಒಟ್ಟೆಕಿಚ್ಚಿಲ್ಲ ನೋಡು."

ತೆಪ್ಪದಲ್ಲಿ ಕೂತ ಕೂಲಿಯವರೆಲ್ಲ ನಗುತ್ತಾರೆ. ಪಾಪಮ್ಮ ನಗುವುದಿಲ್ಲ. ಅವರು ಹಾಕಿದ್ದು ಎಳೆದರೆ ಬಿಚ್ಚುವ ಗಂಟು. ದೇವಯ್ಯನವರು ಹಲ್ಲಿನಿಂದ ಕಚ್ಚಿ ಅದನ್ನು ಬಿಚ್ಚದಂತೆ ಬಿಗಿ ಮಾಡಿಕೊಳ್ಳುತ್ತಾರೆ. "ಹುಟ್ಟು ಜಾರುದ್ರೆ ಇಷ್ಟೂ ಜನ ಓದಂಗೆ ಸಾ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಊರವರು ತಣ್ಣೀರಿನ ಶೀತ ಎಂದಿದ್ದರು. ಎಕ್ಕದೆಲೆ ಬಿಸಿ ಮಾಡಿ ಕಟ್ಟಿದ್ದೂ ಆಯಿತು. ನರಸೀಪುರದ ಡಾಕ್ಟರು ಹೇಳಿದ್ದೇ ಬೇರೆ. ರೋಗಾಣುಗಳನ್ನು ಕೊಲ್ಲಬೇಕಾದ ರಕ್ತದ ಬಿಳಿಕಣಗಳು ಕೀಲಿನ ಒಳಪದರವನ್ನೇ ಶತ್ರುವೆಂದು ಮುತ್ತಿವೆ. ಒಂದು ಕಣ ಇನ್ನೊಂದನ್ನು ಕೂಗಿ ಕರೆಯುತ್ತಿದೆ. ಹೀಗೇ ಬಿಟ್ಟರೆ ಮೂಳೆಯೂ ಸವೆಯುತ್ತದೆ. ಮಾತ್ರೆ ನಾಟಲು ತಿಂಗಳುಗಳೇ ಬೇಕು. ಬೆಳಗಿನ ಹೊತ್ತು ಬಿಗಿತ ಹೆಚ್ಚು, ಆಗ ಮಾತ್ರ ತೆಪ್ಪ ಬೇಡ.

"ನಮ್ ಮೈಯೊಳಗಿನೋರೇ ನಮ್ಮುನ್ ತಿಂದ್ರೆ ಯಾವ್ ಠಾಣೆಗೆ ಓಗನಾ? ಮಲಗುದ್ರೆ ಸಾಕು, ಒಳಗೆ ಕಡೀತಾವೆ ಅನ್ನುಸ್ತದೆ. ಎದ್ರುಕೆ ಆಯ್ತದೆ ಸಾ," ಎನ್ನುತ್ತಾರೆ ದೇವಯ್ಯನವರು.

ಇಲ್ಲಿ ಸೇತುವೆಯಿಲ್ಲ, ಬೆಳಗಿನ ತೆಪ್ಪ ತಪ್ಪಿದರೆ ಕೂಲಿ ತಪ್ಪಿತು. ಹೊಸ ಶತಮಾನ ಬಂತೆಂದು ಪಟ್ಟಣಗಳು ಪಟಾಕಿ ಹಾರಿಸಿ ವರ್ಷವಾಯಿತು. ಇಷ್ಟು ಜೀವಗಳನ್ನು ಒಂದು ಸೀರೆ ಚೂರಿಗೆ ಬಿಟ್ಟು ಮಲಗಿರುವ ಸರ್ಕಾರಕ್ಕೆ ಯಾವ ಕೀಲೂ ನೋಯುವುದಿಲ್ಲ.

ಹುಟ್ಟು ಹಾಕಲು ಪಾಪಮ್ಮನಿಗೂ ಬರುತ್ತದೆ. ಆದರೆ ಹೆಂಗಸು ಹುಟ್ಟು ಹಿಡಿದರೆ ಹೊಳೆ ಮುನಿಯುತ್ತದಂತೆ! ಹಿಂದೊಮ್ಮೆ ಅವರು ಹಿಡಿದಾಗ ಎಲ್ಲರೂ ಇಳಿದು ಹೋಗಿದ್ದರು, ಮಂಗಳಗೌರಿಯೂ. ಅಂದಿನಿಂದ ಪಾಪಮ್ಮ ಗಂಡನ ಪಕ್ಕ ಸುಮ್ಮನೆ ಕೂತು ಬರುತ್ತಾರೆ.

ನಡುಹೊಳೆಯಲ್ಲಿ ಹುಟ್ಟು ಬಂಡೆಸಂದಿಗೆ ಸಿಕ್ಕಿಕೊಳ್ಳುತ್ತದೆ. ತೆಪ್ಪ ಗಿರ್ರನೆ ತಿರುಗುತ್ತದೆ. ಕಟ್ಟಿದ ಕೈ ದೇವಯ್ಯನವರನ್ನು ಅಂಚಿನಾಚೆಗೆ ಎಳೆಯುತ್ತದೆ. ಮುಖ ಆಗಲೇ ನೀರು ಮುಟ್ಟಿದೆ. ಮಂಗಳಗೌರಿ ದೇವಯ್ಯನವರ ಸೊಂಟ ತಬ್ಬಿ ಹಿಡಿಯುತ್ತಾರೆ. ಪಾಪಮ್ಮ ಮಂಗಳಗೌರಿಯ ಕುಡುಗೋಲು ಕಿತ್ತುಕೊಂಡು ಬಟ್ಟೆ ಕೊಯ್ಯುತ್ತಾರೆ, ಎರಡೂ ಕೈಯಲ್ಲಿ ಹುಟ್ಟನ್ನು ಕೀಳುತ್ತಾರೆ. ತೆಪ್ಪ ತಿರುಗುವುದನ್ನು ನಿಲ್ಲಿಸುತ್ತದೆ.

ದಡ ಸೇರುವವರೆಗೆ ಪಾಪಮ್ಮನೇ ಹುಟ್ಟು ಹಾಕುತ್ತಾರೆ. ದೇವಯ್ಯನವರು ಕೈಯನ್ನು ಮಗುವಿನಂತೆ ಎದೆಗವಚಿಕೊಂಡು ಕೂತಿದ್ದಾರೆ.

"ನಾಳೆ ಬೆಳಗ್ಗೇನೂ ನೀನೇ ಹುಟ್ಟು ಹಾಕ್ತೀಯ ಅಕ್ಕ?" ಮಂಗಳಗೌರಿಯ ದನಿ ಕುಗ್ಗಿದೆ.

ಪಾಪಮ್ಮ ಹುಟ್ಟು ಕೆಳಗಿಡುವುದಿಲ್ಲ.

"ನೀವು ಇಳಿದೋಗ್ದೆ ಕೂತ್ರೆ ಹಾಕ್ತೀನಿ ಕಣವ್ವ."