ರಾಜಿಯಾದವರನ್ನು ಕಂಡರೆ ಭಯ

ಇವತ್ತು ಮಧ್ಯಾಹ್ನ ನರ್ಸುಗಳ ಕೋಣೆಯಿಂದ ಚಿತ್ರಾನ್ನದ ವಾಸನೆ ಬಂತು. ಇಣುಕಿದರೆ, ವಾರದಿಂದ ಮಾತು ಬಿಟ್ಟಿದ್ದ ನಮ್ಮ ವಾರ್ಡಿನ ಇಬ್ಬರು ನರ್ಸ್ ಹುಡುಗಿಯರು ಒಂದೇ ಡಬ್ಬಿಗೆ ಕೈಹಾಕಿ ಉಣ್ಣುತ್ತಿದ್ದರು. ನೀವಾಗಿದ್ದರೆ ಸಂತೋಷಪಡುತ್ತಿದ್ದಿರಿ. ಇನ್‌ಚಾರ್ಜ್ ಸಿಸ್ಟರ್ ಆದ ನನಗೆ ಎದೆ ಝಲ್ಲೆಂದಿತು.

ನಾನೂ ಒಮ್ಮೆ ಹೀಗೆ ರಾಜಿಯಾದವಳು. ಹೊಸಕೋಟೆಯ ಒಂದು ನರ್ಸಿಂಗ್ ಹೋಮಿಗೆ ಹೊಸದಾಗಿ ಸೇರಿದ್ದೆ. ಹಿರಿಯರಾದ ರತ್ನಮ್ಮ ಸಿಸ್ಟರ್ ಗೌರಿ ಹಬ್ಬಕ್ಕೆ ಕೇಳಿದ್ದ ರಜೆ ಹೇಗೋ ನನಗೆ ಸಿಕ್ಕಿತು. ಹೇಗೋ ಏನು, ನಾನೇ ಹಲ್ಲು ಗಿಂಜಿ ಗಿಟ್ಟಿಸಿಕೊಂಡಿದ್ದೆ. ಹಬ್ಬದ ಒಬ್ಬಟ್ಟು ತಂದುಕೊಟ್ಟರೆ, "ನೀನೇ ತಿನ್ನಮ್ಮ, ನಮಗೆಲ್ಲಿ ಹಬ್ಬ" ಎಂದರು. ಅಲ್ಲಿಗೆ ಮಾತು ನಿಂತಿತು.

ಡ್ಯೂಟಿ ಬದಲಾಗುವಾಗ ಯಾರಿಗೆ ಏನು ಕೊಟ್ಟಿದೆ, ಏನು ಬಾಕಿ ಎಂದು ಬಾಯಿಬಿಟ್ಟು ಒಪ್ಪಿಸಬೇಕು. ನಾವದಕ್ಕೆ 'ಓವರ್ ಕೊಡುವುದು' ಎನ್ನುತ್ತೇವೆ. ರತ್ನಮ್ಮ ಕೇಸ್‌ಶೀಟುಗಳನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, ರೋಗಿಗಳೆದುರೇ "ಓದಿದ್ದೀಯಲ್ಲ, ಕಣ್ಣಿಲ್ವಾ?" ಎಂದಿದ್ದರು. ಆಮೇಲೆ ಅವರನ್ನು ಏನನ್ನೂ ಕೇಳುವುದನ್ನೇ ಬಿಟ್ಟೆ.

ಒಂದು ಮಧ್ಯಾಹ್ನ, ನಂದಗುಡಿ ಕಡೆಯ ಮುನಿಯಪ್ಪನವರ ಶೀಟಿನಲ್ಲಿ ಊಟದ ಹೊತ್ತಿನ ಇನ್ಸುಲಿನ್ನಿಗೆ ಸಹಿ ಇರಲಿಲ್ಲ. ಕೊಟ್ಟು ಮರೆತರೋ, ಕೊಡಲೇ ಇಲ್ಲವೋ? ರತ್ನಮ್ಮ ಪಕ್ಕದ ಕೋಣೆಯಲ್ಲೇ ಸೀರೆ ಬದಲಿಸುತ್ತಿದ್ದರು. ಕೇಳಲು ಹೆದರಿ, ಚುಚ್ಚಿಬಿಟ್ಟೆ.

"ಇದು ಎರಡ್ನೇದಲ್ವಾ ತಾಯೀ?" ಎಂದರು ಮುನಿಯಪ್ಪ.

ಆಗ ಓಡಿದೆ. ರತ್ನಮ್ಮನ ಮುಖ ಬಿಳಚಿಕೊಂಡಿತು. "ಸಹಿ ಹಾಕೋದ್ ಮರ್ತ್ಬಿಟ್ಟೆ ಕಣೇ. ಡಾಕ್ಟ್ರಿಗೆ ಹೇಳ್ಬೇಡ, ಇಬ್ರ ಕೆಲ್ಸಾನೂ ಹೋಗುತ್ತೆ." ಸಕ್ಕರೆ ನೀರು ಕುಡಿಸಿ ಸುಮ್ಮನಾದೆವು. ಗಂಟೆಯೊಳಗೆ ಆ ಮನುಷ್ಯ ಬೆವರಿ ತೊಪ್ಪೆಯಾಗಿ, ಕರೆದರೆ ಓಗೊಡಲಿಲ್ಲ. ಡಾಕ್ಟರು ಬಂದು ಗ್ಲೂಕೋಸ್ ಏರಿಸಿದರು. ಜೀವ ಉಳಿಯಿತು. "ಇಂಜೆಕ್ಷನ್ ಆದ್ಮೇಲೆ ಊಟ ಬಿಟ್ರೆ ಸಾಯ್ತೀರ, ಅಷ್ಟೆ" ಎಂದು ಗದರಿದರು. ಒಂದು ಮುದ್ದೆ ಪೂರ್ತಿ ಉಂಡಿದ್ದ ಮುನಿಯಪ್ಪ ನಮ್ಮಿಬ್ಬರನ್ನೂ ನೋಡಿ, "ತಪ್ಪಾಯ್ತು ಸ್ವಾಮಿ" ಎಂದರು. ನಾವು ತುಟಿ ಬಿಚ್ಚಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮರುದಿನದಿಂದ ರತ್ನಮ್ಮನೂ ನಾನೂ ಜೊತೆಗೇ ಊಟ. ಎಲ್ಲರೂ ಮೆಚ್ಚಿಕೊಂಡರು. ಇವಳೆಲ್ಲಿ ಬಾಯಿಬಿಡುತ್ತಾಳೋ ಎಂದು ಒಬ್ಬರನ್ನೊಬ್ಬರು ಕಾಯುತ್ತಿದ್ದೆವು, ಅಷ್ಟೆ.

ಯಾರಿಗೂ ಹೇಳದ ಇದನ್ನು ಇವತ್ತು ಆ ಹುಡುಗಿಯರ ಮುಂದೆ ಎರಡೇ ಮಾತಿನಲ್ಲಿ ಹೇಳಿದೆ. "ಆ ಸೂಜಿ ಚುಚ್ಚಿದ್ದು ನಾನೇ ಕಣ್ರೇ. ಈಗ ನೀವ್ ಹೇಳಿ. ಬೈಯಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಚಿಕ್ಕವಳ ಕಣ್ಣು ತುಂಬಿತು. "ಸಿಸ್ಟರ್, ನಾಲ್ಕನೇ ಬೆಡ್ ಅಜ್ಜಿಗೆ..."

ಅವಳ ಮಾತು ಮುಗಿಯುವ ಮೊದಲೇ ಮೂವರೂ ಓಡುತ್ತಿದ್ದೆವು.