ಎಡಪದರ ಮೇಲಿರಬೇಕು
ವಿಲ್ಮಾ ಹ್ಯಾಗನ್ ನಮ್ಮ ಪೋರ್ಟ್‌ಲ್ಯಾಂಡ್ ಪ್ರಕಾಶನದಲ್ಲಿ ಚಿತ್ರ ತಿದ್ದುವವಳು. ಜಪಾನಿನ ಚಿತ್ರಕಥೆಗಳನ್ನು ಇಲ್ಲಿಯವರು ಎಡದಿಂದ ಓದಲೆಂದು ನಾವು ಪ್ರತಿ ಪುಟವನ್ನೂ ಕನ್ನಡಿಯ ಬಿಂಬದಂತೆ ತಿರುಗಿಸಿ ಅಚ್ಚು ಹಾಕಿಸುತ್ತೇವೆ. ಅದರಿಂದ ಊರಿಗೆ ಊರೇ ಎಡಚರಾದರೂ ವಿಲ್ಮಾ ಕ್ಷಮಿಸುತ್ತಾಳೆ. ಕಿಮೋನೊದ ಬಲಪದರ ಮೇಲೆ ಬಂದರೆ ಮಾತ್ರ ಬಿಡುವುದಿಲ್ಲ, ಏಕೆಂದರೆ ಜಪಾನಿನಲ್ಲಿ ಹಾಗೆ ಉಡಿಸುವುದು ಹೆಣಕ್ಕೆ. ಸಂತೆಯ ಗುಂಪಿನಲ್ಲಿ ಸಾಸಿವೆಯಷ್ಟಿರುವ ಮುದುಕನ ಕೊರಳಪಟ್ಟಿಗೂ ಭೂತಗನ್ನಡಿ ಹಿಡಿದು, ಬಿಳಿ ಬಳಿದು, ಮತ್ತೆ ಬರೆಯುತ್ತಾಳೆ. "ಅದನ್ನ ಯಾರು ನೋಡ್ತಾರೆ ಮಾರಾಯ್ತಿ, ಅಚ್ಚಿನವ್ರು ಕಾಯ್ತಿದಾರೆ" ಎಂದು ಸಂಪಾದಕ ರಸೆಲ್ ಗೊಣಗಿದರೆ, "ಕಾಯ್ಲಿ ಬಿಡಪ್ಪ, ಬದುಕಿರೋರನ್ನ ಹೆಣ ಮಾಡಿ ಕಳ್ಸೋಕೆ ನಂಗೇನೂ ಅವಸರ ಇಲ್ಲ" ಎನ್ನುತ್ತಾಳೆ. ಕಳೆದ ಚಳಿಗಾಲದಲ್ಲಿ, ಒಂದು ಚಿತ್ರಕಥೆಯ ಜಪಾನಿ ಕಲಾವಿದೆ ಮಿಯಾಶಿತಾ, ಆಗ ಆಸ್ಪತ್ರೆಯಲ್ಲಿದ್ದ ತನ್ನ ತಾಯಿಯನ್ನೇ ಕಿಮೋನೊ ಉಡಿಸಿ ಚಿತ್ರಿಸಿದ್ದ ಪುಟ ತಿದ್ದದೆಯೇ ಅಚ್ಚಿಗೆ ಹೊರಟಿತ್ತು. ವಿಲ್ಮಾ ಚಪ್ಪಲಿಯಿಲ್ಲದೆ ಓಡಿ, ಅಚ್ಚುಮನೆಯ ವ್ಯಾನು ನಿಲ್ಲಿಸಿ, ಅದರ ಬಾನೆಟ್ಟಿನ ಮೇಲೆಯೇ ಪುಟ ಹರಡಿ ತಿದ್ದಿದಳು. ಈ ವಾರ ಮಿಯಾಶಿತಾಳ ಕಾಗದ ಬಂತು: ಅಮ್ಮ ಗುಣವಾಗಿ ಮನೆಗೆ ಬಂದಿದ್ದಾರೆ, ಅಮೆರಿಕದ ಪುಸ್ತಕ ತೆರೆದವರೇ ಮೊದಲು ಚಿತ್ರದಲ್ಲಿನ ತಮ್ಮ ಕೊರಳಪಟ್ಟಿಯ ಮೇಲೆ ಬೆರಳಾಡಿಸಿ, "ಇನ್ನೂ ಇದ್ದೀನಿ ಕಣೆ" ಎಂದು ನಕ್ಕರಂತೆ. ವಿಲ್ಮಾ ಕನ್ನಡಕ ತೆಗೆದು ನಿಧಾನವಾಗಿ ಉಸಿರುಬಿಟ್ಟಳು. "ಸದ್ಯ, ದೇವರು ದೊಡ್ಡೋನು" ಎಂದು ಮುಂದಿನ ಪುಟ ಎಳೆದುಕೊಂಡಳು.